ಸಗಣಿ ಹುಳುವಿಗೂ ಸರಿಯಾದ ಹೆಸರು ಬೇಕು

ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಪುಣ್ಯಕ್ಷೇತ್ರ. ಸಂತ ಸೇವಾಲಾಲರು 1739ರ ಫೆಬ್ರುವರಿ 15ರಂದು ಇಲ್ಲಿ ಹುಟ್ಟಿದರೆಂದು ಆ ಸಮುದಾಯ ನಂಬುತ್ತದೆ. ಸೇವಾಲಾಲರ ಕಥನಗಳ ತುಂಬ ದನದ ಮಂದೆಗಳಿವೆ. ಬಂಜಾರರು ಎತ್ತುಗಳ ಬೆನ್ನಿಗೆ ಉಪ್ಪು, ದವಸ ಹೇರಿಕೊಂಡು ದಖ್ಖನ್ನಿನ ಉದ್ದಗಲ ನಡೆದವರು. ಹೀಗೆ ಸಾವಿರಾರು ರಾಸುಗಳು ವರ್ಷಾನುಗಟ್ಟಲೆ ನಡೆದ ದಾರಿಗಳಲ್ಲಿ, ತಂಗಿದ ಬಯಲುಗಳಲ್ಲಿ ಬಿದ್ದ ಸಗಣಿಯೆಲ್ಲ ಏನಾಯಿತು? ಅದರ ದೊಡ್ಡ ಪಾಲನ್ನು ಮಣ್ಣಿಗೆ ಸೇರಿಸಿದ್ದು ಹುಳುಗಳು. ನಾವು ಅವನ್ನೆಲ್ಲ ಒಟ್ಟಾಗಿ ‘ಸಗಣಿ ಹುಳು’ ಎಂದು ಕರೆದು ಸುಮ್ಮನಾಗಿದ್ದೇವೆ.

ಆದರೆ ಸಗಣಿ ಹುಳು ಒಂದೇ ಜಾತಿಯ ಜೀವಿಯಲ್ಲ. ಜಗತ್ತಿನಲ್ಲಿ ಇವುಗಳ 6 ಸಾವಿರಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿಡಲಾಗಿದೆ. ಭಾರತದಲ್ಲಿಯೇ ನೂರಾರಿವೆ. ಒಂದು ಹಸುವಿನ ಒಂದೇ ಹೊತ್ತಿನ ಸಗಣಿಯ ಕೆಳಗೆ ಹತ್ತಾರು ಬಗೆಯವು ಒಟ್ಟಿಗೆ ಸಿಗಬಹುದು. ಹಸಿರು ಹೊಳಪಿನವು, ಕಡುಗಪ್ಪಿನವು, ಕಂದು ರೆಕ್ಕೆಯವು, ಕೊಂಬಿರುವವು, ಇಲ್ಲದವು, ಸಾಸಿವೆಗಿಂತ ತುಸು ದೊಡ್ಡವು, ಹೆಬ್ಬೆರಳಿನ ಗಾತ್ರದವು. ಇವುಗಳಲ್ಲಿ ಯಾವುದು ಯಾವುದು ಎಂದು ತಿಳಿಯದೆ ಯಾವುದನ್ನು ಉಳಿಸಬೇಕು, ಯಾವುದು ಕಡಿಮೆಯಾಗುತ್ತಿದೆ ಎಂದು ಹೇಳಲಾಗದು. ಗುರುತು ಹಿಡಿಯುವುದು ಪಂಡಿತರ ಹವ್ಯಾಸವಲ್ಲ, ಮಣ್ಣನ್ನು ನಂಬಿ ಬದುಕುವವರ ಅಗತ್ಯ ಎಂಬುದೇ ಈ ಬರಹದ ಮಾತು.

ಇದನ್ನು ಕಲಿಯಲು ದಾವಣಗೆರೆ ಜಿಲ್ಲೆ ಒಳ್ಳೆಯ ಪಾಠಶಾಲೆ. ಸೂರಗೊಂಡನಕೊಪ್ಪದ ಸುತ್ತ ಮಲೆನಾಡಿನ ಅಂಚಿನ ಗಾಳಿ ಬೀಸುತ್ತದೆ. ಚನ್ನಗಿರಿಯಲ್ಲಿ ಸೂಳೆಕೆರೆಯೂ ಅಡಿಕೆ ತೋಟಗಳೂ ಇವೆ. ಹೊನ್ನಾಳಿಗೆ ತುಂಗಭದ್ರೆಯ ನೀರಿದೆ. ಅಲ್ಲಿಂದ ಈಶಾನ್ಯಕ್ಕೆ ಸಾಗಿ ಜಗಳೂರು ಮುಟ್ಟಿದರೆ ಮಳೆ ಸೊರಗುತ್ತದೆ, ಜಾಲಿ ಮತ್ತು ಕುರುಚಲು ಗಿಡಗಳ ಸೀಮೆ ಶುರುವಾಗುತ್ತದೆ. ಮತ್ತೆ ಮತ್ತೆ ಬರ ಕಂಡ ತಾಲ್ಲೂಕು ಅದು. ಅದೇ ತಾಲ್ಲೂಕಿನ ರಂಗಯ್ಯನದುರ್ಗದ ಕಾಡನ್ನು 2011ರಲ್ಲಿ ಕೊಂಡುಕುರಿ ವನ್ಯಧಾಮವೆಂದು ಘೋಷಿಸಲಾಯಿತು. ನಾಲ್ಕು ಕೊಂಬಿನ ಈ ಪುಟ್ಟ ಪ್ರಾಣಿಗೆ ಮತ್ತೆ ಮತ್ತೆ ಒಂದೇ ಜಾಗದಲ್ಲಿ ಹಿಕ್ಕೆ ಹಾಕುವ ಅಭ್ಯಾಸವಿದೆ. ಅಂದರೆ ಹೊಲದಲ್ಲಿ ದನದ ಸಗಣಿ, ಕುರಿ ತರುಬಿದ ಕಡೆ ಕುರಿಯ ಹಿಕ್ಕೆ, ಕಾಡಿನಲ್ಲಿ ಕೊಂಡುಕುರಿಯ ಹಿಕ್ಕೆಯ ಗುಪ್ಪೆ. ಸಗಣಿ ಹುಳುವನ್ನು ಅಧ್ಯಯನ ಮಾಡುವವರಿಗೆ ಮೂರು ಬಗೆಯ ಊಟ, ಹಲವು ಬಗೆಯ ಮಣ್ಣು, ಎರಡು ಹವಾಮಾನ ಒಂದೇ ಜಿಲ್ಲೆಯೊಳಗೆ ಸಿಗುತ್ತವೆ.

ಒಣನಾಡಿನ ಸಗಣಿ ಹುಳುವಿಗೆ ದೊಡ್ಡ ಶತ್ರು ಬಿಸಿಲು. ಬೇಸಿಗೆಯಲ್ಲಿ ಬಿದ್ದ ಸಗಣಿಗೆ ಬೇಗ ಹೊರಪದರು ಕಟ್ಟುತ್ತದೆ, ಒಳಗಿನ ತೇವ ಆರುತ್ತದೆ. ಬೆಳೆದ ಹುಳು ಸಗಣಿಯ ನಾರನ್ನು ಕಡಿದು ತಿನ್ನುವುದಿಲ್ಲ. ಅದರ ಬಾಯಿಯ ಅಂಗಗಳು ಮೆತ್ತಗಿವೆ, ತೇವದಲ್ಲಿರುವ ಸೂಕ್ಷ್ಮ ಕಣಗಳನ್ನಷ್ಟೇ ಸೋಸಿ ನುಂಗಬಲ್ಲವು. ಸಗಣಿ ಒಣಗಿತೆಂದರೆ ಊಟ ಮುಗಿಯಿತು. ಆಮೇಲೆ ಅದು ಗೆದ್ದಲಿನ ಪಾಲು. ಆದ್ದರಿಂದ ಬಹುಪಾಲು ಪ್ರಭೇದಗಳು ಬೇಸಿಗೆಯನ್ನು ಮಣ್ಣಿನೊಳಗೆ ಕಳೆದು ಮುಂಗಾರು ಹದವಾದ ಮೇಲೆ ಏಳುತ್ತವೆ. ಎದ್ದ ಮೇಲೆ ಪೈಪೋಟಿ. ಯಾರು ಬೇಗ ಸಗಣಿಯನ್ನು ಬಿಸಿಲಿನಿಂದ ತಪ್ಪಿಸಿ ನೆಲದೊಳಗೆ ಸೇರಿಸುತ್ತಾರೋ ಅವರ ಸಂತಾನ ಉಳಿಯುತ್ತದೆ.

ಈ ಪೈಪೋಟಿಯಲ್ಲಿ ಮೂರು ದಾರಿಗಳಿವೆ. ಕೆಲವು ಹುಳುಗಳು ಸಗಣಿಯನ್ನು ಉಂಡೆ ಕಟ್ಟಿ, ತಲೆ ಕೆಳಗೆ ಮಾಡಿ, ಹಿಂಗಾಲಿನಿಂದ ನೂಕುತ್ತಾ ದೂರ ಉರುಳಿಸಿ ಹೂಳುತ್ತವೆ. ಕೆಲವು ಸಗಣಿಯ ನೇರ ಕೆಳಗೇ ಸುರಂಗ ತೋಡಿ ಒಳಗೆ ಎಳೆದುಕೊಳ್ಳುತ್ತವೆ. ಮತ್ತೆ ಕೆಲವು ಸಗಣಿಯೊಳಗೇ ಸಂಸಾರ ಹೂಡುತ್ತವೆ. ಮೂರನೆಯವಕ್ಕೆ ಸಗಣಿ ವಾರಗಟ್ಟಲೆ ಹಸಿಯಾಗಿ ಉಳಿಯಬೇಕು. ಆದ್ದರಿಂದ ಒಣ ತಿಂಗಳುಗಳಲ್ಲಿ ಅವಕ್ಕೆ ಕಷ್ಟ, ಉರುಳಿಸುವವಕ್ಕೂ ತೋಡುವವಕ್ಕೂ ಅನುಕೂಲ.

ಹುಳು ಉಂಡೆಯನ್ನು ಬಿಸಿಲಿನಿಂದ ಪಾರಾಗಲೂ ಬಳಸುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ನಡೆದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಸುಡುವ ನೆಲದಲ್ಲಿ ನಡೆಯುವ ಹುಳು ನಡುನಡುವೆ ತನ್ನ ಉಂಡೆಯ ಮೇಲೆ ಹತ್ತಿ ಕಾಲು ತಂಪು ಮಾಡಿಕೊಳ್ಳುತ್ತದೆ ಎಂದು ಅದು ತೋರಿಸಿತು. ತೇವವಿರುವ ಉಂಡೆ ನೆಲಕ್ಕಿಂತ ತಣ್ಣಗಿರುತ್ತದೆ. ಮರುವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಿಂದ, ರಾತ್ರಿ ಉಂಡೆ ಉರುಳಿಸುವ ಒಂದು ಪ್ರಭೇದ ಆಕಾಶಗಂಗೆಯ ಬೆಳಕಿನ ಪಟ್ಟಿ ನೋಡಿ ನೇರ ದಾರಿ ಹಿಡಿಯುತ್ತದೆ ಎಂದು ಗೊತ್ತಾಯಿತು.

ಉರುಳಿಸುವವು, ತೋಡುವವು, ಒಳಗೇ ಇರುವವು ಎಂಬ ಈ ವಿಂಗಡಣೆ ಹೊಲದಲ್ಲಿ ನಿಂತು ನೋಡುವವರಿಗೆ ಉಪಯುಕ್ತ. ಆದರೆ ಅದನ್ನೇ ವಂಶಾವಳಿ ಎಂದು ತಿಳಿಯಬಾರದು. ಹಿಂದೆ ವಿಜ್ಞಾನಿಗಳೂ ಉರುಳಿಸುವ ಹುಳುಗಳನ್ನೆಲ್ಲ ಒಂದು ಕಡೆ, ತೋಡುವವನ್ನೆಲ್ಲ ಒಂದು ಕಡೆ ಇಟ್ಟು ವರ್ಗೀಕರಿಸಿದ್ದರು. ಈ ಶತಮಾನದ ಆರಂಭದಿಂದ ದೇಹರಚನೆಯನ್ನೂ ಡಿಎನ್‌ಎಯನ್ನೂ ಹೋಲಿಸಿ ನೋಡಿದಾಗ ಉಂಡೆ ಉರುಳಿಸುವ ವಿದ್ಯೆ ಬೇರೆ ಬೇರೆ ವಂಶಗಳಲ್ಲಿ ಹಲವು ಬಾರಿ ಪ್ರತ್ಯೇಕವಾಗಿ ಹುಟ್ಟಿದೆ ಎಂದು ಕಂಡಿತು. ಒಂದೇ ಕಸುಬಿನವರೆಲ್ಲ ಒಂದೇ ಮನೆತನದವರಲ್ಲ. ಹಾಗಾಗಿ ಹುಳು ಏನು ಮಾಡುತ್ತದೆ ಎಂಬುದರ ಜೊತೆಗೆ ಅದರ ಮೈಕಟ್ಟು ಹೇಗಿದೆ ಎಂಬುದನ್ನೂ ಓದಬೇಕು.

ಆ ಓದು ಮೀಸೆಯಿಂದ ಶುರು. ಕೈಯಲ್ಲಿರುವ ದುಂಬಿಯ ಮೀಸೆಯ ತುದಿಯಲ್ಲಿ ತೆರೆದು ಮುಚ್ಚುವ ಮೂರು ತೆಳು ಹಲಗೆಗಳಿದ್ದರೆ ಅದು ಸಗಣಿ ಹುಳುಗಳ ದೊಡ್ಡ ಕುಟುಂಬವಾದ ಸ್ಕ್ಯಾರಬೀಡೇಗೆ ಸೇರಿರುವ ಸಾಧ್ಯತೆ ಹೆಚ್ಚು. ಕುರುವಾಯಿ ದುಂಬಿ, ಗೊಣ್ಣೆ ಹುಳುವಿನ ದುಂಬಿಗಳೂ ಇದೇ ಕುಟುಂಬದವು. ಎರಡನೆಯದು ಹಿಂಗಾಲು. ನಿಜವಾದ ಸಗಣಿ ಹುಳುಗಳ ಉಪಕುಟುಂಬಕ್ಕೆ ಸ್ಕ್ಯಾರಬೀನೇ ಎಂದು ಹೆಸರು. ಇವುಗಳ ಹಿಂಗಾಲಿನ ಕಣಕಾಲ ತುದಿಯಲ್ಲಿ ಒಂದೇ ಮುಳ್ಳು ಇರುತ್ತದೆ. ಸಗಣಿಯಲ್ಲೇ ಸಿಗುವ, ನೀಳ ಮೈಯ ಸಣ್ಣ ಅಫೋಡಿಯಸ್ ಗುಂಪಿನ ಹುಳುಗಳಿಗೆ ಅಲ್ಲಿ ಎರಡು ಮುಳ್ಳುಗಳಿರುತ್ತವೆ. ಸ್ಕ್ಯಾರಬೀನೇ ಹುಳುಗಳ ನಡುಗಾಲುಗಳ ಬುಡ ಒಂದರಿಂದೊಂದು ದೂರ, ಹೊಟ್ಟೆಯ ಕೊನೆಯ ಫಲಕ ರೆಕ್ಕೆಯಿಂದ ಹೊರಗೆ ಕಾಣುತ್ತದೆ. ಇಷ್ಟನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರದಲ್ಲಿ ಹೈಸ್ಕೂಲು ಮಕ್ಕಳೂ ನೋಡಬಲ್ಲರು.

ಮುಂದಿನದು ಕುಲ. ಉದ್ದನೆಯ, ಬಾಗಿದ, ತೆಳು ಹಿಂಗಾಲುಗಳಿದ್ದರೆ ಅದು ಉರುಳಿಸುವ ಹುಳುವಿರಬಹುದು. ಕಣಕಾಲು ತುದಿಯತ್ತ ಅಗಲವಾಗಿದ್ದರೆ ತೋಡುವ ಹುಳು. ತಲೆಯ ಮುಂಭಾಗದಲ್ಲಿ ಆರು ಹಲ್ಲುಗಳಿದ್ದು ಮುಂಗಾಲಿಗೆ ಪಾದವೇ ಇಲ್ಲದಿದ್ದರೆ ಸ್ಕ್ಯಾರಬಿಯಸ್. ಈಜಿಪ್ಟಿನ ಪ್ರಾಚೀನರು ಪೂಜಿಸಿದ್ದು ಈ ಕುಲದ ಹುಳುವನ್ನು. ಭುಜದ ಹಿಂದೆ ರೆಕ್ಕೆಯ ಅಂಚು ಕತ್ತರಿಸಿದಂತೆ ಒಳಗೆ ಬಾಗಿ ಮೈಯ ಪಕ್ಕ ಬರಿದಾಗಿ ಕಂಡರೆ ಜಿಮ್ನೊಪ್ಲೂರಸ್. ಹಗಲಿನಲ್ಲಿ ಉಂಡೆ ಉರುಳಿಸುತ್ತ ಬಯಲಿನಲ್ಲಿ ಓಡಾಡುವ ಹಸಿರು, ನೀಲಿ, ತಾಮ್ರದ ಹೊಳಪಿನ ಹುಳುಗಳಲ್ಲಿ ಬಹಳಷ್ಟು ಇದೇ ಕುಲದವು. ಪುಟ್ಟ ದೇಹಕ್ಕೆ ಹೊಂದದಷ್ಟು ಉದ್ದನೆಯ ಹಿಂಗಾಲಿದ್ದರೆ ಸಿಸಿಫಸ್. ಕಪ್ಪಗೆ, ದಪ್ಪಗೆ, ಗಂಡಿನ ತಲೆಯ ಮೇಲೆ ಒಂದೇ ಕೊಂಬಿದ್ದು ರಾತ್ರಿ ದೀಪಕ್ಕೆ ಬಂದು ಬೀಳುವ ದೊಡ್ಡ ಹುಳು ಕ್ಯಾಥಾರ್ಸಿಯಸ್ ಇರಬಹುದು. ಅದಕ್ಕಿಂತ ದೊಡ್ಡದು ಹೆಲಿಯೊಕಾಪ್ರಿಸ್. ಅದು ನೆಲದಾಳದಲ್ಲಿ ಮಣ್ಣು ಮೆತ್ತಿ ಮಾಡುವ ಉಂಡೆಗಳನ್ನು ಅಗೆದವರು ಹಳೆಯ ಕಾಲದ ಫಿರಂಗಿ ಗುಂಡುಗಳೆಂದು ಭಾವಿಸಿದ್ದ ಪ್ರಸಂಗವೂ ಉಂಟು. ಇವೆಲ್ಲವನ್ನೂ ಮೀರಿಸಿದ ಸಂಖ್ಯೆ ಆಂಥೊಫೇಗಸ್ ಕುಲದ್ದು. 2 ಸಾವಿರಕ್ಕೂ ಹೆಚ್ಚು ಪ್ರಭೇದಗಳಿರುವ ಇದು ಪ್ರಾಣಿಲೋಕದ ಅತಿ ದೊಡ್ಡ ಕುಲಗಳಲ್ಲಿ ಒಂದು.

ಕುಲದವರೆಗೆ ಬಂದದ್ದು ಅರ್ಧ ದಾರಿ. ಪ್ರಭೇದ ಹೇಳುವುದು ಕಷ್ಟ, ಅಲ್ಲಿ ಕಣ್ಣಿಗೆ ಮೋಸವಾಗುತ್ತದೆ. ಆಂಥೊಫೇಗಸ್ ಕುಲದ ಅನೇಕ ಪ್ರಭೇದಗಳಲ್ಲಿ ಗಂಡುಗಳೇ ಎರಡು ಬಗೆ. ಮರಿಯಾಗಿದ್ದಾಗ ಹೊಟ್ಟೆ ತುಂಬ ಸಗಣಿ ಸಿಕ್ಕಿದ್ದು ದೊಡ್ಡದಾಗಿ ಬೆಳೆದು ಉದ್ದ ಕೊಂಬು ಪಡೆಯುತ್ತದೆ. ಕಡಿಮೆ ಸಿಕ್ಕಿದ್ದು ಸಣ್ಣದಾಗಿ, ಕೊಂಬಿಲ್ಲದೆ, ಹೆಣ್ಣಿನಂತೆಯೇ ಕಾಣುತ್ತದೆ. ಒಂದೇ ತಾಯಿಯ ಮಕ್ಕಳು ಎರಡು ಜಾತಿಯವೆಂದು ತೋರಬಹುದು. ಇದಕ್ಕೆ ವಿರುದ್ಧವಾಗಿ, ಹೊರಗಿನಿಂದ ಸ್ವಲ್ಪವೂ ವ್ಯತ್ಯಾಸ ಕಾಣದ ಎರಡು ಹುಳುಗಳು ಬೇರೆ ಬೇರೆ ಪ್ರಭೇದಗಳಾಗಿರಬಹುದು. ಆಗ ತಜ್ಞರು ಗಂಡಿನ ಜನನಾಂಗವನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅದರ ಆಕಾರ ಪ್ರಭೇದದಿಂದ ಪ್ರಭೇದಕ್ಕೆ ಬೇರೆ, ಒಂದೇ ಪ್ರಭೇದದೊಳಗೆ ಬಹುತೇಕ ಸ್ಥಿರ. ಈಗ ಕಾಲಿನ ಒಂದು ತುಣುಕಿನಿಂದ ಡಿಎನ್‌ಎ ತೆಗೆದು ಹೋಲಿಸುವ ದಾರಿಯೂ ಇದೆ. ಆದರೆ ಡಿಎನ್‌ಎ ಸಾಲನ್ನು ಹೋಲಿಸಲು ಮೊದಲು ಸರಿಯಾಗಿ ಹೆಸರಿಸಿದ ಮಾದರಿ ಬೇಕು. ಅದನ್ನು ಕೊಡಬಲ್ಲವರು ಹಳೆಯ ಪದ್ಧತಿಯ ವರ್ಗೀಕರಣ ತಜ್ಞರೇ.

ಹೆಸರು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆಲದ ಹುಳುವೊಂದು ಸಾಕ್ಷಿ. ಗಾಢ ಬಣ್ಣದ ತಲೆ ಮತ್ತು ಎದೆ, ಕಂದು ಹಳದಿ ರೆಕ್ಕೆ, ಗಂಡಿನ ತಲೆಯ ಮೇಲೆ ಹಿಂದಕ್ಕೆ ಬಾಗಿದ ಎರಡು ಕೊಂಬು. ಸೆಂಟಿಮೀಟರಿಗೆ ಆಚೀಚೆ ಉದ್ದ. ಜೀವಿಗಳ ವರ್ಗೀಕರಣಕ್ಕೆ ಹೆಸರಾದ ಲಿನಿಯಸ್‌ನ ಶಿಷ್ಯ, ಡೆನ್ಮಾರ್ಕಿನ ಕೀಟವಿಜ್ಞಾನಿ ಫ್ಯಾಬ್ರಿಷಿಯಸ್ 1775ರಲ್ಲಿ ಬೊನಾಸಸ್ ಎಂಬ ಹುಳುವನ್ನೂ 1787ರಲ್ಲಿ ಗೆಜೆಲ್ಲಾ ಎಂಬುದನ್ನೂ ಹೆಸರಿಸಿದ. ಆತ ಭಾರತಕ್ಕೆ ಬಂದವನಲ್ಲ. ತಮಿಳುನಾಡಿನ ಕರಾವಳಿಯ ತರಂಗಂಬಾಡಿಯಲ್ಲಿದ್ದ ಡೆನ್ಮಾರ್ಕಿನ ವಸಾಹತಿನಿಂದ ಭಾರತದ ಕೀಟಗಳು ಅವನಿಗೆ ತಲುಪುತ್ತಿದ್ದವು. ಮುಂದೆ ಆಫ್ರಿಕಾದಿಂದ ಭಾರತದವರೆಗೆ ಹಬ್ಬಿರುವುದು ಒಂದೇ ಪ್ರಭೇದವೆಂದು ತಿಳಿದು ಅನೇಕರು ಗೆಜೆಲ್ಲಾ ಎಂಬ ಹೆಸರನ್ನೇ ಬಳಸಿದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೆ. ವೀಣಾಕುಮಾರಿ ಮತ್ತು ಜಿ. ಕೆ. ವೀರೇಶ್ 1990ರ ದಶಕದಲ್ಲಿ ಈ ಹುಳು ಹೇಗೆ ಸುರಂಗ ತೋಡಿ ಮೊಟ್ಟೆಯಿಟ್ಟು ಮರಿ ಮಾಡುತ್ತದೆ ಎಂದು ಅಧ್ಯಯನ ಮಾಡಿದಾಗಲೂ ಬಳಸಿದ್ದು ಅದೇ ಹೆಸರು. ಬೆಂಗಳೂರು ಸುತ್ತಲಿನ ಸಗಣಿ ಹುಳುಗಳ ಪಟ್ಟಿಯನ್ನು ಕೊಟ್ಟವರೂ ಅವರೇ. 2017ರಲ್ಲಿ ಫ್ರಾನ್ಸ್ವಾ ಜೆನಿಯೆ ಮತ್ತು ಫಿಲಿಪ್ ಮೊರೆಟೊ ಎಂಬ ತಜ್ಞರು ನಾನಾ ದೇಶಗಳ ಸಂಗ್ರಹಾಲಯಗಳ ಮಾದರಿಗಳನ್ನು ಒಂದೆಡೆ ಇಟ್ಟು ಪರಿಶೀಲಿಸಿದರು. ಒಂದೆಂದು ತಿಳಿದಿದ್ದ ಕಡೆ ಹತ್ತಕ್ಕಿಂತ ಹೆಚ್ಚು ಪ್ರಭೇದಗಳಿದ್ದವು, ಬಹುಪಾಲು ಆಫ್ರಿಕಾದವು. ನಮ್ಮ ಕಡೆಯದು ಬೊನಾಸಸ್.

ಇದು ಬರೀ ಹೆಸರಿನ ಜಗಳವಲ್ಲ. 1788ರಲ್ಲಿ ಯುರೋಪಿಯನ್ನರ ಜೊತೆ ದನಗಳು ಆಸ್ಟ್ರೇಲಿಯಾಕ್ಕೆ ಹೋದವು. ಅಲ್ಲಿನ ಮೂಲ ಸಗಣಿ ಹುಳುಗಳಿಗೆ ಗೊತ್ತಿದ್ದದ್ದು ಕಾಂಗರೂಗಳ ಒಣ ಹಿಕ್ಕೆ. ದನದ ಹಸಿ ಸಗಣಿಯನ್ನು ಅವು ಹೆಚ್ಚು ಮುಟ್ಟಲಿಲ್ಲ. ಹುಲ್ಲುಗಾವಲಿನಲ್ಲಿ ಸಗಣಿ ಹಾಗೆಯೇ ಬಿದ್ದು ಹುಲ್ಲು ಕೆಟ್ಟಿತು, ನೊಣ ಹೆಚ್ಚಿತು. ಜಾರ್ಜ್ ಬೋರ್ನೆಮಿಸ್ಸಾ ಎಂಬ ವಿಜ್ಞಾನಿಯ ಪ್ರಯತ್ನದಿಂದ ಅಲ್ಲಿನ ಸರಕಾರಿ ಸಂಶೋಧನಾ ಸಂಸ್ಥೆ ಹೊರಗಿನಿಂದ ಹುಳು ತರಿಸಿತು. 1968ರಲ್ಲಿ ಮೊದಲು ಬಿಟ್ಟ ಹುಳುಗಳಲ್ಲಿ ಗೆಜೆಲ್ಲಾ ಒಂದು. ಹುಳುವನ್ನೇ ಕೆಲಸಕ್ಕೆ ಹಚ್ಚುವಾಗ ಅದು ಯಾವ ಹವೆಗೆ, ಯಾವ ಮಣ್ಣಿಗೆ ಒಗ್ಗಿದ್ದು ಎಂದು ತಿಳಿಯಲೇಬೇಕು. ಅದನ್ನು ತಿಳಿಸುವ ಮೊದಲ ಸುಳಿವು ಸರಿಯಾದ ಹೆಸರು.

ನಮ್ಮ ರೈತರಿಗೆ ಈ ಗುರುತಿನ ಅಗತ್ಯ ಇನ್ನೂ ಹತ್ತಿರದ್ದು. ತಿಪ್ಪೆ ತೆಗೆಯುವಾಗ, ತೋಟ ಅಗೆಯುವಾಗ ಬಿಳಿಯ, ಬಾಗಿದ ಮರಿ ಸಿಕ್ಕರೆ ಎಲ್ಲವೂ ಗೊಣ್ಣೆ ಹುಳುವೆಂದೇ ಎಣಿಸಿ ವಿಷ ಸುರಿಯುತ್ತೇವೆ. ಅಡಿಕೆ, ಕಬ್ಬು, ಶೇಂಗಾ ಬೆಳೆಗಳ ಬೇರು ತಿನ್ನುವ ಗೊಣ್ಣೆ ಹುಳುವಿನ ಕಾಟ ನಿಜ. ಆದರೆ ಅದರಂತೆ ಕಾಣುವ ಎಲ್ಲವೂ ಅದಲ್ಲ. ಬೆನ್ನ ಮೇಲೆ ಮಲಗಿ ತೆವಳುವ ಮರಿ ಹೂ ದುಂಬಿಗಳದ್ದು. ಅದು ಕೊಳೆತ ಗೊಬ್ಬರವನ್ನೇ ತಿನ್ನುತ್ತದೆ. ತಿಪ್ಪೆಯಲ್ಲಿ ಸಿಗುವ ಹೆಬ್ಬೆರಳು ಗಾತ್ರದ ಮರಿ ತೆಂಗಿಗೆ ಕಾಟ ಕೊಡುವ ಕುರುವಾಯಿಯದ್ದಿರಬಹುದು, ಅದನ್ನು ಆರಿಸಿ ತೆಗೆಯುವುದು ಸರಿ. ಸಗಣಿ ಹುಳುವಿನ ಮರಿ ಮಾತ್ರ ನೆಲದೊಳಗೆ ಸಗಣಿಯ ಉಂಡೆಯ ಒಳಗಿರುತ್ತದೆ. ಅದರ ಬೆನ್ನಿನ ಮೇಲೆ ಸ್ಪಷ್ಟವಾದ ಗೂನಿದೆ, ಕಾಲುಗಳು ಮೊಟಕು, ನಡೆಯಲು ಬಾರದು. ಉಂಡೆ ಬಿರುಕು ಬಿಟ್ಟರೆ ತನ್ನ ಮಲದಿಂದಲೇ ಮೆತ್ತಿ ಮುಚ್ಚುತ್ತದೆ. ಇಂಥ ಉಂಡೆ ಒಡೆದರೆ ಮತ್ತೆ ಮಣ್ಣು ಮುಚ್ಚಿಬಿಡಿ. ಅದು ನಿಮ್ಮ ಬೆಳೆಯ ಬೇರನ್ನು ಮುಟ್ಟುವುದಿಲ್ಲ.

ಮುಟ್ಟುವುದಿಲ್ಲ ಎಂಬುದಷ್ಟೇ ಅಲ್ಲ, ಅದು ಬೇರಿಗೆ ಗೊಬ್ಬರ ತಲುಪಿಸುತ್ತದೆ. ಬಯಲಿನಲ್ಲಿ ಬಿದ್ದ ಸಗಣಿಯ ಸಾರಜನಕದಲ್ಲಿ ಒಂದಷ್ಟು ಅಮೋನಿಯವಾಗಿ ಗಾಳಿಗೆ ಹೋಗುತ್ತದೆ. ಹುಳು ಹೂತರೆ ಅದು ಮಣ್ಣಿನಲ್ಲಿ ಉಳಿಯುತ್ತದೆ. ತೋಡಿದ ಸುರಂಗದಲ್ಲಿ ಮಳೆ ನೀರು ಇಳಿಯುತ್ತದೆ. ಮಳೆಯನ್ನೇ ನಂಬಿದ ಜಗಳೂರಿನಂಥ ತಾಲ್ಲೂಕಿನಲ್ಲಿ ಹೀಗೆ ಇಳಿದ ನೀರಿಗೆ ಬೆಲೆಯಿದೆ. ಸಗಣಿ ಬೇಗ ಮಾಯವಾದರೆ ಅದರಲ್ಲಿ ಮೊಟ್ಟೆಯಿಡುವ ನೊಣಗಳೂ ದನದ ಹೊಟ್ಟೆಯ ಜಂತುಗಳ ಮರಿಗಳೂ ಕಡಿಮೆಯಾಗುತ್ತವೆ. ಅಮೆರಿಕದಲ್ಲಿ ಈ ಸೇವೆಯ ಬೆಲೆ ವರ್ಷಕ್ಕೆ 38 ಕೋಟಿ ಡಾಲರ್ ಎಂದು 2006ರಲ್ಲಿ ಇಬ್ಬರು ವಿಜ್ಞಾನಿಗಳು ಅಂದಾಜು ಮಾಡಿದರು.

ಈ ಸೇವೆಗೆ ಕುತ್ತು ತರುವ ಸಂಗತಿಗಳು ನಮ್ಮ ಕಣ್ಣೆದುರೇ ಇವೆ. ಗೋಮಾಳ ಒತ್ತುವರಿಯಾಗಿ ದನಗಳು ಬಯಲಿಗೆ ಹೋಗುವುದೇ ಕಡಿಮೆಯಾಗಿದೆ, ಉಳುಮೆಗೆ ಎತ್ತಿನ ಬದಲು ಟ್ರ್ಯಾಕ್ಟರ್ ಬಂದಿದೆ. ಇವಕ್ಕಿಂತ ಕಣ್ಣಿಗೆ ಕಾಣದ ಅಪಾಯ ಐವರ್‌ಮೆಕ್ಟಿನ್. ದನಗಳನ್ನು ಕಾಡುವ ಜಂತು, ಉಣ್ಣೆಗಳ ವಿರುದ್ಧ ಅದು ಅಮೂಲ್ಯ ಔಷಧ. ಅದನ್ನು ಕಂಡುಹಿಡಿದವರಿಗೆ 2015ರ ನೊಬೆಲ್ ಬಂದಿದೆ. ಆದರೆ ಔಷಧದ ಅಂಶ ಸಗಣಿಯಲ್ಲಿ ದಿನಗಟ್ಟಲೆ ಹೊರಬೀಳುತ್ತದೆ, ಅದನ್ನು ತಿಂದ ಸಗಣಿ ಹುಳುವಿನ ಮರಿಗಳು ಸಾಯುತ್ತವೆ. ಈ ಬಗ್ಗೆ ವಿಜ್ಞಾನಿಗಳು 1987ರಲ್ಲೇ ಎಚ್ಚರಿಸಿದ್ದರು. ಔಷಧ ಬಿಡಿ ಎಂದು ಯಾರೂ ಹೇಳುವುದಿಲ್ಲ. ಪಶುವೈದ್ಯರು ಬೇಕೆಂದಾಗ ಮಾತ್ರ ಕೊಡಿ. ಆ ದಿನಗಳ ಸಗಣಿಯನ್ನು ಬಯಲಿಗೆ ಬಿಡದೆ ತಿಪ್ಪೆಯಲ್ಲಿ ಚೆನ್ನಾಗಿ ಕಳಿಯಲು ಬಿಡಿ. ಹುಳುಗಳು ಚುರುಕಾಗಿರುವ ಮುಂಗಾರಿನ ದಿನಗಳನ್ನು ಸಾಧ್ಯವಾದರೆ ತಪ್ಪಿಸಿ.

ಎಲ್ಲಕ್ಕೂ ಮೊದಲು ನಮ್ಮಲ್ಲಿ ಯಾವ ಯಾವ ಹುಳುಗಳಿವೆ ಎಂದು ಬರೆದಿಡಬೇಕು. ಕಾನೂನು ಇದಕ್ಕೆ ದಾರಿ ಮಾಡಿಕೊಟ್ಟಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಜೀವಸಂಪತ್ತಿನ ದಾಖಲಾತಿ ಪುಸ್ತಕ ಇಡಬೇಕು. ಅದರಲ್ಲಿ ಮರಗಿಡ, ಹಕ್ಕಿ, ಪ್ರಾಣಿಗಳ ಜೊತೆ ಸಗಣಿ ಹುಳುಗಳಿಗೂ ಒಂದು ಪುಟ ಇರಲಿ. ಮಾದರಿ ಸಂಗ್ರಹಿಸುವ ಕ್ರಮ ಸರಳ. ಬಕೆಟ್ಟನ್ನು ಬಾಯಿ ನೆಲಮಟ್ಟಕ್ಕೆ ಬರುವಂತೆ ಹೂಳಿ, ಮೇಲೆ ಬಟ್ಟೆಯಲ್ಲಿ ಕಟ್ಟಿದ ಹಸಿ ಸಗಣಿಯನ್ನು ತೂಗುಬಿಟ್ಟರೆ ರಾತ್ರಿ ಬೆಳಗಾಗುವುದರೊಳಗೆ ಹುಳುಗಳು ಬಂದು ಬೀಳುತ್ತವೆ. ಒಂದೊಂದು ಬಗೆಯಲ್ಲಿ ಎರಡು ಮೂರನ್ನು ಇಟ್ಟುಕೊಂಡು ಉಳಿದವನ್ನು ಬಿಟ್ಟುಬಿಡಬೇಕು. ಜೊತೆಗಿನ ಚೀಟಿಯಲ್ಲಿ ಊರು, ತಾಲ್ಲೂಕು, ದಿನಾಂಕ, ಯಾವ ಪ್ರಾಣಿಯ ಸಗಣಿ, ಯಾವ ಮಣ್ಣು, ಹಿಡಿದವರ ಹೆಸರು ಇರಲೇಬೇಕು. ಚೀಟಿಯಿಲ್ಲದ ಹುಳು ವಿಜ್ಞಾನಕ್ಕೆ ನಿರುಪಯೋಗಿ. ರಂಗಯ್ಯನದುರ್ಗದಂಥ ವನ್ಯಧಾಮದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಏನನ್ನೂ ಹಿಡಿಯಬಾರದು. ಯಾವುದಾದರೂ ಹುಳು ವಿಜ್ಞಾನಕ್ಕೇ ಹೊಸದೆಂದು ಕಂಡರೆ ಅದರ ಮಾದರಿಯನ್ನು ಸರಕಾರ ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ಒಪ್ಪಿಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ.

ಈ ಕೆಲಸಕ್ಕೆ ತಜ್ಞರಿಗಿಂತ ಮೊದಲು ಬೇಕಾದವರು ಬಂಜಾರರ ತಾಂಡಾಗಳ ಹಿರಿಯರು, ಕುರಿಗಾಹಿಗಳು, ದನ ಕಾಯುವವರು. ಯಾವ ತಿಂಗಳಲ್ಲಿ ಯಾವ ಹುಳು ಏಳುತ್ತದೆ, ಯಾವುದು ಹಿಂದೆ ಕಾಣುತ್ತಿತ್ತು, ಈಗ ಇಲ್ಲ ಎಂದು ಹೇಳಬಲ್ಲವರು ಅವರು. ಅವರ ಮಾತನ್ನು ಬರೆದುಕೊಳ್ಳಲು ಶಾಲೆಯ ಮಕ್ಕಳಿದ್ದಾರೆ, ಮಾದರಿಗಳಿಗೆ ಹೆಸರು ಹೇಳಲು ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಕೀಟಶಾಸ್ತ್ರ ವಿಭಾಗಗಳಿವೆ. ಮೂವರನ್ನೂ ಒಂದೆಡೆ ಕೂರಿಸುವ ಕೆಲಸ ಗ್ರಾಮ ಪಂಚಾಯಿತಿಯದು. ಬರುವ ಮುಂಗಾರಿಗೆ ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರು ತಾಲ್ಲೂಕುಗಳಲ್ಲಿ ಒಂದೊಂದು ಪಂಚಾಯಿತಿಯಾದರೂ ಇದನ್ನು ಆರಂಭಿಸಲಿ. ಓದುಗರು ತಮ್ಮ ಊರಿನ ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಲಿ.